ಎರಡನೆಯ ಕೊಡದ ನೀರು

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಪೊಲೀಸರು ಕಂಡರೆ ಭಯ. ನನಗೆ ಚರಿಗೆಯೊಳಗಿನ ನೀರು ಕಂಡರೆ ಭಯ. ಹೊಳೆಗೆ, ಮಹಾಪೂರಕ್ಕೆ ಹೆದರುವವರು ಇದ್ದಾರೆ. ನಮ್ಮ ಜತ್ತ ತಾಲೂಕಿನಲ್ಲಿ ಹುಟ್ಟಿದವನಿಗೆ ಅಂಥ ದೊಡ್ಡ ಭಯಗಳಿಗೆ ಅವಕಾಶವೇ ಇಲ್ಲ. ನನ್ನದು ಒಂದು ಚರಿಗೆಯಲ್ಲಿ ಹಿಡಿಸುವಷ್ಟು ಭಯ. ಯಾರ ಮನೆಗಾದರೂ ಹೋದಾಗ ಅವರು ಫಳಫಳ ಬೆಳಗಿದ ಚರಿಗೆ ತಂದಿಟ್ಟರೆ, ನಾನು ಅದನ್ನು ಬಾಗಿಲ ಬೆಳಕಿಗೆ ಒಯ್ದು, ಓರೆ ಮಾಡಿ, ಬಗ್ಗಿ ನೋಡುತ್ತೇನೆ. ಮನೆಯೊಡತಿಯ ಮುಖ ಸಣ್ಣದಾಗುತ್ತದೆ. ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಕೇಳಿಯೇಬಿಟ್ಟರು: “ಏನ ಹುಡಕಾಕತ್ತೀರಿ ಮಾಸ್ತರ್ರ, ಮೀನ?” ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು, ಹೆಗಲ ಮೇಲಿನ ಶಲ್ಯದಲ್ಲಿ ಸೋಸಿಕೊಂಡೇ ಕುಡಿದೆ.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಕೆಸರು ನೀರಿಗೆ ನಾನು ಅಷ್ಟು ಹೆದರುವುದಿಲ್ಲ. ಅದು ತನ್ನಲ್ಲಿರುವುದನ್ನು ಮುಖದ ಮೇಲೇ ತೋರಿಸುತ್ತದೆ. ಬೇಕಾದರೆ ಕುಡಿ, ಬೇಡವಾದರೆ ಬಿಡು. ತಳದಲ್ಲಿ ಬಿದ್ದ ಸೂಜಿಯೂ ಕಾಣುವಂಥ ತಿಳಿನೀರು ಕಂಡರೆ ಮಾತ್ರ ನನ್ನ ಕೈ ಶಲ್ಯಕ್ಕೆ ಹೋಗುತ್ತದೆ.

ಈ ಭಯ ನನಗೆ ಅಂಟಿದ್ದು ಸೋನ್ಯಾಳದ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ. ಜತ್ತ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಮೂರು ನಾಲ್ಕು ವರ್ಷವಾಗಿದ್ದ ಕಾಲ. ನಾಲ್ಕನೆಯ ಇಯತ್ತೆಗೆ ನಾನು ‘ನೀರಿನ ಗುಣಧರ್ಮಗಳು’ ಎಂಬ ಪಾಠ ಹೇಳುತ್ತಿದ್ದೆ. ನೀರಿಗೆ ಸ್ವಂತ ಆಕಾರವಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಅದು ಪಾರದರ್ಶಕ, ಅದರ ಗುಣ ತಂಪು. ಮಕ್ಕಳು ರಾಗವಾಗಿ ಒದರುತ್ತಿದ್ದರು. ಒಂದು ಸಲ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಾಸ್ತರ್ರ, ನಮ್ಮ ಬಾವ್ಯಾಗಿನ ನೀರ ಸವುಳ ಅದಾವಲ್ರಿ?” ನಾನು ಗಾಂಭೀರ್ಯದಿಂದ, “ಅದು ನೀರಿನ ರುಚಿ ಅಲ್ಲವ್ವಾ, ನೀರಾಗ ಕರಗಿದ ಉಪ್ಪಿನ ರುಚಿ” ಎಂದು ಹೇಳಿ ಅವಳನ್ನು ಕೂಡಿಸಿದೆ. ಹಾಗಾದರೆ ಅದರಲ್ಲಿ ಇನ್ನೂ ಏನೇನು ಇದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ಹೇಳಿದವರು ಜತ್ತದಿಂದ ಬಂದ ಆರೋಗ್ಯ ಖಾತೆಯ ಇನ್‌ಸ್ಪೆಕ್ಟರರು. ನಮ್ಮೂರ ಕುಡಿಯುವ ನೀರಿನ ಬಾವಿಗೆ ಕೆಳಗಿನವರೆಗೂ ಪಾವಟಿಗೆಗಳಿದ್ದವು. ಹೆಂಗಸರು ಇಳಿದು, ಕಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಕೊಡ ತುಂಬಿಕೊಳ್ಳುತ್ತಿದ್ದರು. ಬೇಸಿಗೆ ಬಂದಿತೆಂದರೆ ಊರಲ್ಲಿ ನಾಲ್ಕಾರು ಜನರಿಗೆ ನಾರು ಏಳುತ್ತಿತ್ತು. ನಾರು ನೋಡದವರಿಗೆ ಹೇಳಬೇಕಲ್ಲ: ಕಾಲಿನಲ್ಲಿ ಒಂದು ಬೊಕ್ಕೆ ಏಳುತ್ತದೆ, ಒಡೆಯುತ್ತದೆ, ಒಳಗಿನಿಂದ ಬಿಳಿಯ ದಾರದಂಥ ಹುಳು ತಲೆ ಹಾಕುತ್ತದೆ. ಮೊಳಕ್ಕಿಂತ ಉದ್ದದ ಹುಳು. ಕಾಲು ಕೆಂಡ ಇಟ್ಟಂತೆ ಉರಿಯುತ್ತದೆ. ಉರಿ ತಾಳಲಾರದವರು ಬಾವಿಗೆ ಬಂದು, ನೀರಿನಲ್ಲಿ ಕಾಲು ಇಳಿಬಿಟ್ಟು, “ಶಿವಾ” ಎಂದು ಕಣ್ಣು ಮುಚ್ಚಿ ಕೂಡುತ್ತಿದ್ದರು. ಮೈಯ ಕಾವಿನಿಂದ ಬರುವ ಬೇನೆ ಅದು ಎಂದೇ ನಾವೆಲ್ಲ ತಿಳಿದಿದ್ದೆವು.

ಇನ್‌ಸ್ಪೆಕ್ಟರರು ಆ ಬಾವಿಯ ತಿಳಿನೀರನ್ನು ಗಾಜಿನ ಗ್ಲಾಸಿನಲ್ಲಿ ಹಿಡಿದು ನನ್ನ ಕೈಗೆ ಭೂತಕನ್ನಡಿ ಕೊಟ್ಟರು. ಗಸಗಸೆ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆಗಳು ಟಣ್ಣನೆ ಜಿಗಿಯುತ್ತಿದ್ದವು. ನಾರು ಎದ್ದವನು ನೀರಿನಲ್ಲಿ ಕಾಲಿಟ್ಟ ಕೂಡಲೇ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತದಂತೆ. ಮರಿಗಳನ್ನು ಈ ಚುಕ್ಕೆಗಳು ನುಂಗುತ್ತವಂತೆ. ಚುಕ್ಕೆಗಳನ್ನು ನಾವು ಕುಡಿಯುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ನಮ್ಮ ಕಾಲಿನಿಂದ ಅದು ಹೊರಗೆ ಬರುತ್ತದೆ. ಕೊನೆಗೆ ಅವರು ಒಂದು ಮಾತು ಹೇಳಿದರು: “ಕಾಲು ಯಾಕ ಉರೀತದ ಗೊತ್ತೇನ್ರಿ ಗುರೂಜಿ? ಮನುಷ್ಯಾ ನೀರಿಗಿ ಹೋಗಲಿ ಅಂತ. ಹೋಗಂತ ಹೇಳೂದು ಆ ಹುಳಾ.”

ನೀರಿನ ಗುಣ ತಂಪು ಎಂದು ನಾನೇ ಕಲಿಸಿದ್ದೆ. ಉರಿಯುವವನು ತಂಪು ಬಯಸುವುದು ಸಹಜ ಎಂದು ಯಾರೂ ಕಲಿಸಬೇಕಾಗಿಲ್ಲ. ಈ ಎರಡು ನಿರುಪದ್ರವಿ ಸತ್ಯಗಳ ನಡುವೆ ಒಂದು ಹುಳು ತನ್ನ ದಾರಿ ಮಾಡಿಕೊಂಡಿತ್ತು. ಔಷಧ ಏನು ಎಂದು ಕೇಳಿದೆ. ಔಷಧವಿಲ್ಲ, ಬಟ್ಟೆ ಎರಡು ಪದರು ಮಾಡಿ ನೀರು ಸೋಸಿ ಕುಡಿಯಿರಿ ಎಂದು ಹೇಳಿ ಅವರು ಮುಂದಿನ ಊರಿಗೆ ಹೋದರು.

ಆಗ ನನ್ನ ಹೆಂಡತಿ ನೀಲವ್ವನಿಗೆ ಮೂರು ತಿಂಗಳು. ಚೊಚ್ಚಲ ಬಸುರಿ. ನನಗಷ್ಟೇ ಆಗಿದ್ದರೆ ನಾಲ್ಕು ದಿನ ಹೆದರಿ ಮರೆಯುತ್ತಿದ್ದೆನೇನೋ. ಅಂದು ಅವಳು ಗಟಗಟ ನೀರು ಕುಡಿಯುವುದನ್ನು ನೋಡುತ್ತ ನಾನು ಒಂದೊಂದು ಗುಟುಕನ್ನೂ ಎಣಿಸಿದೆ. ಮರುದಿನವೇ ಮದುವೆಯ ಧೋತರವನ್ನು ಹರಿದು ಎರಡು ಪದರು ಮಾಡಿದೆ. ಸೋಸುವ ಕೆಲಸ ಅವಳಿಗೂ ಕೊಡಲಿಲ್ಲ; ನನ್ನ ಕೈಯಿಂದಲೇ ಆಗಬೇಕು. ಊರವರು ನನಗೆ ‘ಸೋಸೋ ಮಾಸ್ತರ’ ಎಂದು ಹೆಸರಿಟ್ಟರು. ಇಡಲಿ ಬಿಡಿ ಎಂದುಕೊಂಡೆ.

ನನ್ನ ಪದ್ಧತಿ ಹೀಗಿತ್ತು. ಅವಳು ಬಾವಿಯಿಂದ ದಿನಕ್ಕೆರಡು ಕೊಡ ಕುಡಿಯುವ ನೀರು ತರುತ್ತಿದ್ದಳು. ಮೊದಲನೆಯದನ್ನು ತಾಮ್ರದ ಕೊಡಕ್ಕೆ ಸೋಸುತ್ತಿದ್ದೆ. ಸೋಸಿದ ಮೇಲೆ ಅರಿವೆಯ ಮೇಲ್ಮೈಯಲ್ಲಿ ಪಾಚಿ, ಹೊಟ್ಟು, ಕಸ ಕೂಡಿರುತ್ತಿತ್ತು. ಆ ಹೊಲಸಿನ ಮೇಲೆ ಮತ್ತೆ ನೀರು ಹಾಕಲು ನನಗೆ ಅಸಹ್ಯ. ಅರಿವೆಯನ್ನು ತಿರುವಿ, ಸ್ವಚ್ಛವಾದ ಮಗ್ಗುಲು ಮೇಲೆ ಬರುವಂತೆ ಹಿತ್ತಾಳೆಯ ಕೊಡದ ಬಾಯಿಗೆ ಕಟ್ಟಿ, ಎರಡನೆಯದನ್ನು ಸೋಸುತ್ತಿದ್ದೆ. ಮೊದಲಿನ ನೀರಿನಿಂದಲೇ ತೊಳೆದಂತಾದ ಅರಿವೆ. ಅದರಲ್ಲಿ ಸೋಸಿದ ನೀರು ಇನ್ನೂ ಚೊಕ್ಕ. ಹೀಗೆಂದು ನನ್ನ ವಿಜ್ಞಾನ. “ಹಿತ್ತಾಳಿ ಕೊಡ ನಿನ್ನದು. ಅದನ್ನ ಬಿಟ್ಟ ಬ್ಯಾರೆ ನೀರ ಮುಟ್ಟಬ್ಯಾಡ. ತಾಮ್ರದ್ದು ನನಗಿರಲಿ,” ಎಂದು ತಾಕೀತು ಮಾಡಿದ್ದೆ. ಅವಳು “ಆತ್ರಿ” ಎನ್ನುತ್ತಿದ್ದಳು. ಅವಳು ಯಾವುದಕ್ಕೂ ಆತ್ರಿ ಎನ್ನುವವಳೇ.

ಎರಡು ತಿಂಗಳು ಹೀಗೆ ನಡೆಯಿತು. ಚೈತ್ರದಲ್ಲಿ ಒಂದು ಮುಂಜಾನೆ ದರ್ಜಿ ಹುಸೇನಸಾಬರು ನನ್ನ ಅಂಗಿ ಹೊಲಿದು ತಂದುಕೊಟ್ಟರು. ಕಟ್ಟೆಯ ಮೇಲೆ ಕೂತು ನನ್ನ ಸೋಸಾಟವನ್ನು ನೋಡಿದರು. ವಯಸ್ಸಾದವರು, ಕಡಿಮೆ ಮಾತಿನವರು. ನಾನು ಅರಿವೆ ತಿರುವಿದಾಗ ಅವರ ಹುಬ್ಬು ಮೇಲೇರಿತು.

“ಮಾಸ್ತರ್ರ, ಸಿಟ್ಟ ಆಗಬ್ಯಾಡ್ರಿ. ಒಂದ ಮಾತ ಕೇಳ್ಲೇನ್ರಿ?”

“ಕೇಳ್ರಿ ಹುಸೇನಸಾಬ್ರ.”

“ಮೊದಲನೇ ಕೊಡದಾಗ ಅರಿಬಿ ಮ್ಯಾಲ ಹಿಡದದ್ದು, ಈಗ ಅದ ಎತ್ತಾಗ ಅದರಿ?”

ನಾನು ಬಗ್ಗಿ ನೋಡಿದೆ. ಅದು ಕೆಳಗಿತ್ತು. ನಾನು ಸುರಿಯುತ್ತಿದ್ದ ನೀರು ಅದನ್ನು ನಾಜೂಕಾಗಿ ತೊಳೆದು ಹಿತ್ತಾಳೆಯ ಕೊಡದೊಳಗೆ ಇಳಿಸುತ್ತಿತ್ತು. ಮೊದಲ ಕೊಡದಿಂದ ಹಿಡಿದ ಒಂದೊಂದು ಚುಕ್ಕೆಯನ್ನೂ ನಾನು ಎರಡು ತಿಂಗಳು ಜೋಪಾನವಾಗಿ ಎರಡನೆಯದಕ್ಕೆ ಕಳಿಸಿದ್ದೆ. ಸೋಸದೇ ಕುಡಿದಿದ್ದರೆ ಅವಳ ಹೊಟ್ಟೆಗೆ ಅವಳ ಕೊಡದ ಹುಳು ಹೋಗುತ್ತಿತ್ತು. ನಾನು ಸೋಸಿ ಸೋಸಿ ನನ್ನ ಕೊಡದ್ದನ್ನು ಕೊಟ್ಟಿದ್ದೆ. ಹಿತ್ತಾಳೆಯ ಕೊಡದ ನೀರನ್ನು ಅಂಗಳಕ್ಕೆ ಚೆಲ್ಲಿದೆ. ಹುಸೇನಸಾಬರು ಹೊಸ ಅರಿವೆ ತಂದು, ಅದರ ಒಂದು ಮಗ್ಗುಲಿಗೆ ಕೆಂಪು ದಾರದ ಗುರುತು ಹಾಕಿಕೊಟ್ಟರು. “ಈ ಮಾರಿ ಯಾವಾಗ್ಲೂ ಮ್ಯಾಲ ಇರಲಿ. ಎರಡೂ ಕೊಡಾ ಆದಮ್ಯಾಲ ದೂರ ಒಯ್ದ ಝಾಡಸ್ರಿ,” ಎಂದರು.

ನೀಲವ್ವನಿಗೆ ನಾನು ಹೇಳಲಿಲ್ಲ. ಬಸುರಿ ಹೆಂಗಸಿಗೆ ಹೆದರಿಕೆ ಹುಟ್ಟಿಸಬಾರದು ಎಂಬುದು ನನಗೆ ನಾನೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ನಾಚಿಕೆ.

ಒಂದು ವರ್ಷ! ಹಾವು ಕಡಿದರೆ ಸಂಜೆಯೊಳಗೆ ಇತ್ಯರ್ಥವಾಗುತ್ತದೆ. ಈ ನೀರು ಒಳಗೆ ಹೋಗಿ ಸುಮ್ಮನೆ ಕೂತಿರುತ್ತದೆ. ಅವಳು ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಸೊಳ್ಳೆ ಕಚ್ಚಿದ ಗುರುತು ಕಂಡರೂ ನನಗೆ ಉಣ್ಣಲು ಆಗುತ್ತಿರಲಿಲ್ಲ. ಅವಳು ಹೆರಿಗೆಗೆ ತವರೂರು ಬಾಲಗಾಂವಕ್ಕೆ ಹೋದಳು. ನಾನು ರವಿವಾರಕ್ಕೊಮ್ಮೆ ಸೈಕಲ್ ಹತ್ತಿ ಅಲ್ಲಿಗೆ ಹೊರಡುವವನು. ಅತ್ತೆಗೆ ಅಳಿಯನ ಪ್ರೀತಿ ಕಂಡು ಸಂಭ್ರಮ. ನೀಲವ್ವನಿಗೆ ಮಾತ್ರ ಏನೋ ಸಂಶಯ. “ಬಂದ ಕೂಡ್ಲೇ ಕೆಳಗ ನೋಡತೀರಿ. ನನ್ನ ಮಾರಿ ಮರತೀರೇನ್ರಿ?” ಎಂದಳು.

ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಚಲೋ ಇದ್ದರು. ಬಾಣಂತಿಯ ಕೋಣೆಯಲ್ಲಿ ಬೆಳಕು ಕಡಿಮೆ. ಹೊರಸಿನಿಂದ ಇಳಿಬಿದ್ದ ಕಾಲು ಸರಿಯಾಗಿ ಕಾಣಲಿಲ್ಲ. ಮುಳ್ಳು ನೆಟ್ಟಿದೆಯೇನೋ ನೋಡುತ್ತೇನೆ ಎಂದು ನೆಪ ಹೇಳಿ, ನೆಲಕ್ಕೆ ಕೂತು, ಅವಳ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒತ್ತಿ ನೋಡುತ್ತಿದ್ದೆ. ಅದೇ ಹೊತ್ತಿಗೆ ಅತ್ತೆ ಕಾಯ್ದ ನೀರು ಹಿಡಿದು ಒಳಗೆ ಬಂದರು. “ಅಯ್ಯ ಶಿವನ!” ಎಂದು ಹೊರಳಿ ಹೋದರು. ಗಂಡಸು ಹೆಂಡತಿಯ ಕಾಲೊತ್ತುವ ಸುದ್ದಿ ನನ್ನ ಸೈಕಲ್ಲಿಗಿಂತ ಮೊದಲು ಸೋನ್ಯಾಳ ಮುಟ್ಟಿತ್ತು. ಸೋಸೋ ಮಾಸ್ತರ ಎಂಬ ಹೆಸರು ಹೋಗಿ ಅದಕ್ಕಿಂತ ಕೆಟ್ಟದ್ದು ಬಂತು. ಅದನ್ನು ಇಲ್ಲಿ ಬರೆಯಲಾರೆ.

ಮರುವರ್ಷದ ಚೈತ್ರ ಬಂತು, ದಾಟಿತು. ವೈಶಾಖವೂ ಅರ್ಧವಾಯಿತು. ನೀಲವ್ವ ಮಗುವಿನೊಂದಿಗೆ ಮನೆಗೆ ಬಂದಿದ್ದಳು. ಅವಳ ಕಾಲು ಎರಡೂ ನಿಷ್ಕಳಂಕವಾಗಿದ್ದವು. ಆ ನೀರು ನಿಂತು ಹದಿಮೂರು ತಿಂಗಳಾಗಿತ್ತು. ಗೆದ್ದೆ ಎನ್ನಿಸಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟೆ: ಅರಿವೆ ತಿರುವಿದ್ದು, ಹುಸೇನಸಾಬರು ಕೇಳಿದ್ದು, ನಾನು ಕಾಲು ನೋಡಿದ್ದು. ಹೇಳುತ್ತ ನಕ್ಕೆ, ನಗುತ್ತ ಕಣ್ಣೀರೂ ಬಂತು. ಅವಳು ನಗಲಿಲ್ಲ. ರೊಟ್ಟಿಯ ಬುಟ್ಟಿ ಕೆಳಗಿಟ್ಟು ನನ್ನ ಎದುರು ಕೂತಳು.

“ಹಿತ್ತಾಳಿ ಕೊಡದ ನೀರ ನಾ ಒಂದ ದಿನಾನೂ ಕುಡದಿಲ್ರಿ.”

“ಮತ್ತ?”

“ನೀವು ಅಷ್ಟ ಚೊಕ್ಕ ಮಾಡಿ ಸೋಸಿದ್ದು... ಉರಿಬಿಸಲಾಗ ಸಾಲಿಗಿ ಹೋಗವ್ರು ನೀವು. ನಾ ಮನ್ಯಾಗಿರಾಕಿ, ನನಗ ಯಾವುದಾದ್ರೇನು? ದಿನಾ ನಿಮ್ಮ ಚರಿಗ್ಯಾಗ ಅದನ್ನ ಹಾಕೀನ್ರಿ.”

ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅವಳು ಆ ನೀರು ಕುಡಿದಿರಲಿಲ್ಲ, ಮಗಳಿಗೂ ಏನಿಲ್ಲ. ಆದರೆ ಆ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು, ಅಷ್ಟೇ. ನೀಲವ್ವ ನನ್ನ ಎಡಗಾಲನ್ನು ನೋಡುತ್ತಿದ್ದಳು. ಎರಡು ದಿನದಿಂದ ಕಣಕಾಲಿನ ಹತ್ತಿರ ಒಂದು ಬೊಕ್ಕೆ ಎದ್ದು ಉರಿಯುತ್ತಿತ್ತು. ಹೊಸ ಚಪ್ಪಲಿಯ ಬಾರು ಕಚ್ಚಿದೆ ಎಂದು ನಾನು ಕೊಬ್ಬರಿಎಣ್ಣೆ ಹಚ್ಚಿಕೊಂಡಿದ್ದೆ. ಹದಿಮೂರು ತಿಂಗಳಲ್ಲಿ ನನ್ನ ಕಾಲನ್ನು ನಾನು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಬೊಕ್ಕೆ ಒಡೆಯಿತು. ಹುಳದ ತಲೆಯನ್ನು ಕಡ್ಡಿಗೆ ಸುತ್ತಲು ಹುಸೇನಸಾಬರೇ ಬಂದರು. ದಾರ ಹರಿಯದಂತೆ ಸುತ್ತುವ ಕೈ ಅವರದು. “ಎಳೀಬಾರದ್ರಿ. ಅದು ಬಂದಷ್ಟ ಸುತ್ತೂದು,” ಎನ್ನುತ್ತಿದ್ದರು. ದಿನಕ್ಕೆ ಎರಡು ಬೆರಳಿನಷ್ಟು ಬರುತ್ತಿತ್ತು. ನಾನು ಕಣ್ಣು ಬಿಗಿ ಮುಚ್ಚಿಕೊಂಡು, ಮಗುವಿಗಿಂತ ಜೋರಾಗಿ ಅಳುತ್ತಿದ್ದೆ.

ಆ ಉರಿಯನ್ನು ಹೇಗೆ ಹೇಳಲಿ? ಐದನೆಯ ದಿನ ಮಧ್ಯಾಹ್ನ ನಾನು ಕೋಲೂರಿಕೊಂಡು ಎಲ್ಲಿಗೋ ಹೊರಟಿದ್ದೆ. ಎಲ್ಲಿಗೆ ಎಂದು ತಿಳಿದದ್ದು ಬಾವಿಯ ಪಾವಟಿಗೆಯ ಮೇಲೆ ಕೂತಾಗ. ಕೆಳಗೆ ತಿಳಿನೀರು, ನೆರಳಿನಲ್ಲಿ ತಣ್ಣಗೆ. ಒಂದು ಪಾವಟಿಗೆ ಜಾರಿದೆ, ಇನ್ನೊಂದು ಜಾರಿದೆ. ಇನ್ನು ನಾಲ್ಕೇ ಉಳಿದಿದ್ದವು. ಆ ಇನ್‌ಸ್ಪೆಕ್ಟರರು ಹೇಳಿದ್ದು ನೆನಪಿತ್ತು. ಹೋಗು ಎನ್ನುತ್ತಿರುವವನು ನಾನಲ್ಲ, ಅದು, ಎಂಬುದೂ ಗೊತ್ತಿತ್ತು. ಗೊತ್ತಿದ್ದರೂ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಕೆಳಗೆ ನೀಲವ್ವ, ಇನ್ನೂ ಮೂವರು ಹೆಂಗಸರು ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಆ ಮೂವರ ಮನೆಯಲ್ಲಿ ಯಾರೂ ಸೋಸುವವರಲ್ಲ. ಒಂದು ವರ್ಷ ನಾನು ಈ ನೀರಿಗೆ ಹೆದರಿ ಬದುಕಿದ್ದೆ. ಈಗ ನೀರು ನನಗೆ ಹೆದರಬೇಕಾದ ಹೊತ್ತು ಬಂದಿತ್ತು, ಮತ್ತು ಅದಕ್ಕೆ ಓಡಿಹೋಗಲು ಬರುತ್ತಿರಲಿಲ್ಲ. ನಾನು ಪಾವಟಿಗೆಯ ಕಲ್ಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

“ಇಳೀಬ್ಯಾಡ್ರಿ!” ನೀಲವ್ವನ ಕೂಗು ಕೇಳಿತು. ಅವಳು ನನಗೆ ಬೇಡ ಎಂದದ್ದು ಅದೇ ಮೊದಲು.

ತುಂಬಿದ ಕೊಡ ಹೊತ್ತು ಮೇಲೆ ಬಂದಳು. ರಟ್ಟೆ ಹಿಡಿದು ಎಬ್ಬಿಸಿ, ಜಾಲಿಯ ಬೇಲಿ ದಾಟಿಸಿ, ಹೊಲದ ಬದುವಿನ ಮೇಲೆ ಕೂಡಿಸಿದಳು. ಇಡೀ ಕೊಡವನ್ನು ನಿಧಾನವಾಗಿ ಕಾಲ ಮೇಲೆ ಸುರಿದಳು. ನೀರು ಹರಿದು ಹೋಗುವುದನ್ನು ನಾವಿಬ್ಬರೂ ಬಗ್ಗಿ ನೋಡಿದೆವು, ಬಾವಿಯ ಕಡೆಗೆ ತಿರುಗುತ್ತದೇನೋ ಎಂದು. ತಿರುಗಲಿಲ್ಲ. ಬಿರುಕುಬಿಟ್ಟ ಕರಿಮಣ್ಣಿನಲ್ಲಿ ಇಳಿದು ಹೋಯಿತು.

“ತಂಪ ಆತೇನ್ರಿ?” ಎಂದಳು.

“ಆತು,” ಎಂದೆ. ಉರಿ ಇನ್ನೂ ಇತ್ತು, ಭಯವೂ ಇತ್ತು. ಆದರೆ ಎರಡೂ ಯಾರ ಕೊಡಕ್ಕೂ ಹೋಗದೆ ನನ್ನ ಹತ್ತಿರವೇ ಇದ್ದವು.