ಕಾಲು ಮುಂದೆ, ತಲೆ ಮೇಲೆ

ವೈಜಯಂತಿಗೆ ಎತ್ತರವಿಲ್ಲ. ಆಂಬುಲೆನ್ಸಿನ ಹಿಂಬಾಗಿಲ ಮೇಲ್ಚಿಲಕ ಅವಳ ಕೈಗೆ ಎಟುಕುವುದಿಲ್ಲ. ಬಂಪರಿನ ಮೇಲೆ ಒಂದು ಕಾಲಿಟ್ಟು, ಮೇಲಕ್ಕೆ ಚಿಮ್ಮಿ, ಅದನ್ನು ಎಳೆಯುತ್ತಾಳೆ. ಡಿಸೆಂಬರ್ ತಿಂಗಳ ಬೆಳಗು. ದೆಹಲಿಯ ಆರ್.ಕೆ.ಪುರಂನ ಮಾರ್ಕೆಟ್ ಹಿಂದಿನ ಬೇವಿನ ಮರದ ಕೆಳಗೆ ಗಾಡಿ ನಿಂತಿದೆ. ಎದುರಿನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಮೊದಲ ಮಹಡಿಯವರೆಗೆ ಮಾತ್ರ ಕಾಣುತ್ತದೆ. ಅದರ ಮೇಲಿನದೆಲ್ಲ ಹೊಗೆಮಂಜಿನ ಪಾಲು.

ಅವಳು ಆಕ್ಸಿಜನ್ ಸಿಲಿಂಡರ್ ತಿರುಗಿಸಿ, ಬುಸ್ಸೆನ್ನುವ ಸದ್ದಿಗೆ ಕಿವಿಗೊಟ್ಟು, ಮತ್ತೆ ಮುಚ್ಚುತ್ತಾಳೆ. ಗಂಟಲಿಗೆ ಸಿಕ್ಕಿದ ಕಫ, ವಾಂತಿಗಳನ್ನು ಹೀರಿ ತೆಗೆಯುವ ಯಂತ್ರದ ಕೊಳವೆಯನ್ನು ಒಂದು ಮಗ್ ನೀರಿನಲ್ಲಿ ಅದ್ದಿ ಪರೀಕ್ಷಿಸುತ್ತಾಳೆ. ಅಷ್ಟರಲ್ಲಿ ಮುಂದಿನಿಂದ ಅಗರಬತ್ತಿಯ ವಾಸನೆ ಬರುತ್ತದೆ.

"ಧರಮ್‌ಬೀರ್ ಭಯ್ಯಾ! ಹಿಂದೆ ಆಕ್ಸಿಜನ್ ಇದೆ, ಮುಂದೆ ಬೆಂಕಿ ಹಚ್ತೀರಲ್ಲ! ಇಳಿದು ಮರಕ್ಕೆ ಬೆಳಗಿ. ಇಲ್ಲಾಂದ್ರೆ ಇಬ್ಬರೂ ಒಟ್ಟಿಗೇ ಭಗವಂತನ ಹತ್ರ ಹೋಗ್ತೀವಿ."

"ಹೋದ್ರೆ ಹೋಗೋಣ ಮೇಡಂ, ಸೈರನ್ ಹಾಕ್ಕೊಂಡೇ ಹೋಗೋಣ," ಎನ್ನುತ್ತ ಧರಮ್‌ಬೀರ್ ಕೆಳಗಿಳಿಯುತ್ತಾನೆ. ಗಾಡಿಯ ಚಾಲಕ, ಮಾನೇಸರ್ ಪಕ್ಕದ ಹಳ್ಳಿಯವನು. ಆರಡಿ ದಾಟಿದ ಆಳು. ಇಬ್ಬರ ಮಾತೂ ಹಿಂದಿಯಲ್ಲಿ ನಡೆಯುತ್ತದೆ. ಕನ್ನಡ ಅವಳಿಗೆ ಮನೆಯಲ್ಲಿ ಅಮ್ಮನ ಜತೆ ಮಾತ್ರ. "ಕನ್ನಡದಲ್ಲಿ ಜಗಳ ಆಡೋಕೆ ಬರುತ್ತೆ, ಆದ್ರೆ ಕೋಪ ಬಂದಾಗ ಬಾಯಿಗೆ ಬರೋದು ಹಿಂದೀನೇ," ಎಂದು ನಗುತ್ತಾಳೆ.

ಇವತ್ತು ಹನ್ನೊಂದು ಗಂಟೆಗೆ ಇದೇ ಕ್ವಾರ್ಟರ್ಸ್‌ನ ಒಂದು ಮನೆಗೆ ಹೋಗಿ ಅವಳು ಕ್ಷಮೆ ಕೇಳಬೇಕು. ಕೇಳಿದರೆ ಈ ಗಾಡಿಯಲ್ಲಿ ಉಳಿಯುತ್ತಾಳೆ. ಕೇಳದಿದ್ದರೆ ನಾಳೆಯಿಂದ ಮಾನೇಸರ್‌ನಲ್ಲಿರುವ ಆಂಬುಲೆನ್ಸ್ ಕಂಪನಿಯ ಕಾಲ್ ರೂಮಿನಲ್ಲಿ ಫೋನ್ ಎತ್ತಿಕೊಂಡು ಕೂರಬೇಕು. ವೈಜಯಂತಿ ಮಗ್ಗಿನ ನೀರನ್ನು ಬೇವಿನ ಬುಡಕ್ಕೆ ಚೆಲ್ಲುತ್ತಾಳೆ.

"ನಾನು ಕೇಳಲ್ಲ."

ಅವಳದು ಇಎಂಟಿ ಕೆಲಸ. ಕರೆ ಬಂದಲ್ಲಿಗೆ ಆಂಬುಲೆನ್ಸಿನಲ್ಲಿ ಹೋಗಿ, ರೋಗಿಯನ್ನು ಎತ್ತಿ, ಆಸ್ಪತ್ರೆ ಮುಟ್ಟುವವರೆಗೆ ಜೀವ ಹಿಡಿದಿಡುವ ಕೆಲಸ. ನೀವು ಡಾಕ್ಟರಾ ನರ್ಸಾ ಎಂದು ಜನ ದಿನವೂ ಕೇಳುತ್ತಾರೆ. "ಎರಡೂ ಅಲ್ಲ. ಅವರಿಬ್ಬರೂ ಸಿಗೋ ತನಕ ನಾನು," ಎಂಬುದು ಅವಳ ಸಿದ್ಧ ಉತ್ತರ. ಕೆಲವರು ಅವಳನ್ನು ದಾಟಿ, ಹಿಂದೆ ಯಾರಾದರೂ ಗಂಡಸು ಇಳಿಯುತ್ತಾನೋ ಎಂದು ಇಣುಕುತ್ತಾರೆ. ಧರಮ್‌ಬೀರ್ ಇಳಿಯುತ್ತಾನೆ. ಅವನ ಕೈಯಲ್ಲಿ ಸ್ಟ್ರೆಚರ್ ಇರುತ್ತದೆ, ಬಾಯಲ್ಲಿ "ಮೇಡಂ ಏನು ಹೇಳ್ತಾರೋ ಅದು" ಎಂಬ ಒಂದೇ ಮಾತು.

ಅಪ್ಪ ಬಸಪ್ಪ ರಾಯಚೂರಿನ ಕಡೆಯವರು. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಕೋಣೆಯಿಂದ ಕೋಣೆಗೆ ಕಡತ ಹೊತ್ತರು. ಒಂದೇ ಕೋಣೆಯ ಕ್ವಾರ್ಟರ್ಸ್‌ನಲ್ಲಿ ಮಗಳು ಬೆಳೆದಳು. ಅಪ್ಪ ನಿವೃತ್ತರಾದ ಮೇಲೆ ಮನೆ ಬಿಟ್ಟುಕೊಟ್ಟು ಪಾಲಂನಲ್ಲಿ ಬಾಡಿಗೆಗೆ ಹೋದರು. ಅಲ್ಲಿಯೇ ಒಂದು ಮಧ್ಯಾಹ್ನ ಬಸಪ್ಪನವರಿಗೆ ಎದೆನೋವು ಬಂತು. ಆಟೋದಲ್ಲಿ ಒಯ್ದರು, ಉಳಿಯಲಿಲ್ಲ. "ಆಟೋದವನು ಒಳ್ಳೆಯವನೇ. ಆದ್ರೆ ಆಟೋದಲ್ಲಿ ಮನುಷ್ಯನನ್ನ ಮಲಗಿಸೋಕಾಗಲ್ಲ," ಎನ್ನುತ್ತಾಳೆ. ಅದಕ್ಕೇ ಈ ಕೆಲಸಕ್ಕೆ ಬಂದಿರಾ ಎಂದರೆ ಮೂಗು ಮುರಿಯುತ್ತಾಳೆ. "ಎಲ್ಲರೂ ಹಾಗೇ ಅಂದ್ಕೋತಾರೆ. ಕೇಳೋಕೂ ಚೆನ್ನಾಗಿರುತ್ತೆ. ಆಗ ನನಗೆ ಕೆಲಸ ಬೇಕಿತ್ತು, ಇದು ಸಿಕ್ತು."

ಸಿಕ್ಕಿದ್ದೂ ಸುಮ್ಮನೆ ಅಲ್ಲ. ತರಬೇತಿಯ ಮೊದಲ ದಿನ ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀನು ಸ್ಟ್ರೆಚರ್ ಎತ್ತೋಕೆ ಬಂದಿದೀಯಾ, ಅದರ ಮೇಲೆ ಮಲಗೋಕೆ ಬಂದಿದೀಯಾ?" ಎಂದರಂತೆ. "ಮಲಗಿ ಸರ್, ಎತ್ತಿ ತೋರಿಸ್ತೀನಿ," ಎಂದಳಂತೆ ಇವಳು. ಮೇಷ್ಟ್ರು ಮಲಗಲಿಲ್ಲ. ಆದರೆ ಆಮೇಲೆ ಎತ್ತರದ ಮಾತೂ ಎತ್ತಲಿಲ್ಲ.

ಈ ಊರಿನ ಹಳೆಯ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ಮೂರನೆಯ ಮಹಡಿಯಿಂದ ಮನುಷ್ಯನನ್ನು ಇಳಿಸುವುದು ಕಿರಿದಾದ ಮೆಟ್ಟಿಲಲ್ಲಿ ಗೋದ್ರೇಜ್ ಬೀರು ಇಳಿಸಿದ ಹಾಗೆ. ಒಂದೇ ವ್ಯತ್ಯಾಸ, ಬೀರು ನರಳುವುದಿಲ್ಲ. ಎತ್ತರದ ಧರಮ್‌ಬೀರ್ ಕೆಳಗಡೆ, ರೋಗಿಯ ಕಾಲ ಹತ್ತಿರ. ಕುಳ್ಳಿ ವೈಜಯಂತಿ ಮೇಲಿನ ಮೆಟ್ಟಿಲಲ್ಲಿ, ತಲೆಯ ಹತ್ತಿರ. ಹಾಗೆ ಹಿಡಿದರೆ ಸ್ಟ್ರೆಚರ್ ಹೆಚ್ಚು ವಾಲುವುದಿಲ್ಲ, ತಲೆ ಮೇಲೆಯೇ ಇರುತ್ತದೆ. "ದೇವರು ನನ್ನನ್ನ ದೆಹಲಿ ಮೆಟ್ಟಿಲಿಗೆ ಅಂತಲೇ ಅಳತೆ ತಗೊಂಡು ಕತ್ತರಿಸಿದಾನೆ," ಎನ್ನುತ್ತಾಳೆ.

ತೊಂದರೆ ಇರುವುದು ಇಲ್ಲೇ. ಕಾಲು ಮುಂದೆ ಮಾಡಿ ಮನೆಯಿಂದ ಹೊರಗೆ ಒಯ್ಯುವುದು ಹೆಣವನ್ನು. ಎಷ್ಟೋ ಮನೆಗಳಲ್ಲಿ ಹೊಸ್ತಿಲ ಹತ್ತಿರ ಯಾರಾದರೊಬ್ಬರು ಚೀರುತ್ತಾರೆ. ವೈಜಯಂತಿಗೆ ಸಿಟ್ಟಿಲ್ಲ. "ನನಗೇನು ಗೊತ್ತಿಲ್ವಾ? ನಮ್ಮಪ್ಪನನ್ನೂ ಹಾಗೇ ಹೊರಗೆ ಒಯ್ದಿದ್ದು." ಇದಕ್ಕೆ ಧರಮ್‌ಬೀರ್ ಒಂದು ಉಪಾಯ ಹುಡುಕಿದ್ದಾನೆ. ಹೊಸ್ತಿಲನ್ನು ತಲೆ ಮುಂದೆ ಮಾಡಿ ದಾಟಿಸುವುದು; ಹೊರಗೆ ಜಾಗ ಸಿಕ್ಕ ಕೂಡಲೇ ತಿರುಗಿಸಿ, ಕಾಲು ಮುಂದೆ ಮಾಡಿ ಮೆಟ್ಟಿಲಿಳಿಯುವುದು. ಯಾವ ಪುಸ್ತಕದಲ್ಲೂ ಇಲ್ಲದ ಈ ಪದ್ಧತಿಯಿಂದ ಮನೆಯವರೂ ಸುಮ್ಮನಾಗುತ್ತಾರೆ, ರೋಗಿಯೂ ಸುರಕ್ಷಿತ. ಆದರೆ ಅದಕ್ಕೆ ಬಾಗಿಲ ಹೊರಗೆ ಸ್ಟ್ರೆಚರ್ ತಿರುಗುವಷ್ಟು ಜಾಗ ಬೇಕು.

ಅನಂತರಾಮರ ಮನೆಯ ಮುಂದೆ ಜಾಗವಿರಲಿಲ್ಲ. ಹೋದ ತಿಂಗಳ ಮಾತು. ಕನ್ನಡದವರದೇ ಮನೆ: ನಿವೃತ್ತ ಅಧಿಕಾರಿ ಅನಂತರಾಮ, ಹೆಂಡತಿ ಇಂದಿರಮ್ಮ, ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಮಗ ಕಾರ್ತಿಕ್. ಮೂರನೆಯ ಮಹಡಿ. ಬಾಗಿಲ ಹೊರಗೆ ಪಕ್ಕದ ಮನೆಯವರ ಕೂಲರ್, ಎರಡು ಸೈಕಲ್. ಅನಂತರಾಮರಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನದಲ್ಲಿರಲಿಲ್ಲ, ಬಿಟ್ಟು ಬಿಟ್ಟು ವಾಂತಿಯಾಗುತ್ತಿತ್ತು. ಸ್ಟ್ರೆಚರ್ ಹೊಸ್ತಿಲಿಗೆ ಬರುತ್ತಿದ್ದಂತೆ ಇಂದಿರಮ್ಮ ಕೂಗಿಕೊಂಡರು.

"ಅಯ್ಯೋ, ಕಾಲು ಮುಂದೆ ಮಾಡ್ತೀರಲ್ಲಮ್ಮ! ಇವರಿನ್ನೂ ಉಸಿರಾಡ್ತಿದಾರೆ!"

"ಉಸಿರಾಡ್ತಾ ಇರ್ಲಿ ಅಂತಲೇ ಅಮ್ಮಾ."

ಕಾರ್ತಿಕ್ ಸ್ಟ್ರೆಚರಿನ ಪಕ್ಕದಿಂದ ನುಗ್ಗಿ, ಮೆಟ್ಟಿಲ ತುದಿಯಲ್ಲಿ ವೈಜಯಂತಿಗೆ ಅಡ್ಡ ನಿಂತ. "ತಿರುಗಿಸಿ. ತಲೆ ಮುಂದೆ ಮಾಡಿ."

"ತಲೆ ಕೆಳಗಾದ್ರೆ ವಾಂತಿ ಗಂಟಲಿಗೆ ನುಗ್ಗುತ್ತೆ ಸರ್. ದಾರಿ ಬಿಡಿ."

"ಅಮ್ಮ ಹೇಳ್ತಿರೋದು ಕೇಳಿಸ್ತಿಲ್ವಾ ನಿಮಗೆ?"

"ಕೇಳಿಸ್ತಿದೆ. ಹಟೋ!"

ಆಚೆ ಸರಿ ಎಂಬುದು ಕೋಪಕ್ಕೆ ಹಿಂದಿಯಲ್ಲೇ ಬಂತು. ಎರಡೂ ಕೈಯಲ್ಲಿ ಸ್ಟ್ರೆಚರ್ ಇತ್ತು. ಅವಳು ಭುಜದಿಂದ ಅವನನ್ನು ಗೋಡೆಗೆ ಒತ್ತರಿಸಿ ಇಳಿದಳು. ಎಲ್ಲ ಮಹಡಿಯ ಬಾಗಿಲುಗಳೂ ತೆರೆದಿದ್ದವು. ಅನಂತರಾಮ ಉಳಿದರು. ಅವರು ಮನೆಗೆ ಮರಳಿದ ಮೇಲೆ ದೂರು ಬಂತು: ಅಮಂಗಳವಾಗಿ ನಡೆದುಕೊಂಡಳು, ಮೈಮೇಲೆ ಬಿದ್ದಳು, ಹಟೋ ಅಂದಳು.

"ಕೊನೇ ಎರಡು ನಿಜ," ಎನ್ನುತ್ತಾಳೆ ವೈಜಯಂತಿ. "ಮೊದಲನೇದನ್ನ ಸ್ವಲ್ಪ ಜಾಸ್ತಿ ಮಾಡಿ ಹೇಳಿದಾರೆ."

ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಲು ಜಾಗ ಕೊಟ್ಟಿರುವುದು ನಿವಾಸಿಗಳ ಸಂಘ. ಕಾರ್ತಿಕ್ ಅದರ ಕಾರ್ಯದರ್ಶಿ. ಹೀಗಾಗಿ ಕಂಪನಿಗೆ ಅವಸರ. ಕ್ಷಮೆ ಕೇಳು ಎಂದು ಎಲ್ಲರೂ ಹೇಳಿಯಾಗಿದೆ. ಧರಮ್‌ಬೀರ್, "ನಾನೇ ಎರಡು ಸಲ ಕೇಳಿಬಿಡ್ತೀನಿ, ಒಂದು ನಿಮ್ಮ ಹೆಸರಲ್ಲಿ," ಎಂದಿದ್ದಾನೆ. ಅಮ್ಮ ದೇವಕಿ ಬೆಳಗ್ಗೆಯೇ ಫೋನ್ ಮಾಡುತ್ತಾರೆ.

"ಕೇಳ್ಬಿಡೇ. ಬಾಯಿ ಏನು ಸವೆದುಹೋಗುತ್ತಾ?"

"ಬಾಯಿ ಸವೆಯಲ್ಲಮ್ಮ. ಮುಂದಿನ ಮನೆ ಹೊಸ್ತಿಲಲ್ಲಿ ಕೈ ನಡುಗುತ್ತೆ."

"ಏನಾದ್ರೂ ಮಾಡ್ಕೋ. ತಿಂಡಿ ತಿಂದ್ಯಾ?"

ತಿಂಡಿಗೆ ಪುರಸೊತ್ತಿಲ್ಲ. ಹೌಜ್ ಖಾಸ್‌ನಿಂದ ಕರೆ ಬರುತ್ತದೆ, ಹಾಸ್ಟೆಲ್ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ ಎಂದು. ದಾರಿಯಲ್ಲಿ ಧರಮ್‌ಬೀರ್ ಹಳೆಯ ಕಥೆ ತೆಗೆಯುತ್ತಾನೆ. ಒಮ್ಮೆ ಮದುವೆಯ ಮೆರವಣಿಗೆ ಎದುರಾಯಿತಂತೆ. ಸೈರನ್ ಹಾಕಿದರೆ ಜನ ಅದಕ್ಕೂ ಕುಣಿಯತೊಡಗಿದರು. ಒಳಗೆ ಹೃದಯಾಘಾತದ ರೋಗಿ. ಧರಮ್‌ಬೀರ್ ಕೆಳಗಿಳಿದು, ಎಲ್ಲರಿಗಿಂತ ಜೋರಾಗಿ ಕುಣಿಯುತ್ತ ಇಡೀ ಮೆರವಣಿಗೆಯನ್ನು ರಸ್ತೆಯ ಬದಿಗೆ ಸೆಳೆದೊಯ್ದ. ಓಡಿಬಂದು ಗಾಡಿ ಹತ್ತುವಷ್ಟರಲ್ಲಿ ಯಾರೋ ಅವನ ತಲೆಗೆ ಗುಲಾಬಿ ಪೇಟ ಸುತ್ತಿದ್ದರು. "ಎಮರ್ಜೆನ್ಸಿ ಬಾಗಿಲಲ್ಲಿ ಡಾಕ್ಟರು, ಇವರಲ್ಲಿ ರೋಗಿ ಯಾರು, ಮದುಮಗ ಯಾರು ಅಂತ ಕೇಳಿದ್ರು," ಎಂದು ವೈಜಯಂತಿ ಮುಗಿಸುತ್ತಾಳೆ.

ಹಾಸ್ಟೆಲ್ ಹುಡುಗ ಅಷ್ಟು ಹೊತ್ತಿಗೆ ಎದ್ದು ಕೂತಿದ್ದಾನೆ. ಪರೀಕ್ಷೆಗೆ ಓದುವ ಭರದಲ್ಲಿ ಎರಡು ದಿನದಿಂದ ಊಟ ಮಾಡಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪರಾಠಾ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿಸಬಹುದಾ ಎಂದು ಕೇಳುತ್ತಾನೆ. "ಇದು ಆಂಬುಲೆನ್ಸ್ ಕಣೋ, ನಿಮ್ಮಮ್ಮ ಅಲ್ಲ," ಎಂದು ಅವಳು ಹಿಂದಿಯಲ್ಲಿ ಗದರುತ್ತಾಳೆ. ಅವನನ್ನು ಆಸ್ಪತ್ರೆಗೆ ಒಪ್ಪಿಸಿ ಮರಳಿದಾಗ ಬೇವಿನ ಮರದ ಕೆಳಗೆ ಮೇಲ್ವಿಚಾರಕ ಗುಲಾಟಿ ಕಾಯುತ್ತಿದ್ದಾನೆ. ಕೈಯಲ್ಲಿ ಕಾಜೂ ಕತ್ಲಿಯ ಡಬ್ಬಿ.

"ಸಾರಿ ಅನ್ನೋಕೆ ಎಷ್ಟು ಹೊತ್ತು ಬೇಕು? ಅಂದುಬಿಡು, ಡಬ್ಬಿ ಕೊಡು, ಮುಗೀತು. ಚಲೋ, ನಡಿ."

ಮೂರು ಮಹಡಿ ಹತ್ತುವಷ್ಟರಲ್ಲಿ ಗುಲಾಟಿಗೆ ಏದುಸಿರು. ಬಾಗಿಲ ಹೊರಗೆ ಕೂಲರ್ ಹಾಗೆಯೇ ಇದೆ. ಬಾಗಿಲು ತೆಗೆಯುವುದು ಇಂದಿರಮ್ಮ. ಅನಂತರಾಮ ಕಿಟಕಿಯ ಪಕ್ಕದ ಬಿಸಿಲಿನಲ್ಲಿ ಮಂಕಿ ಟೋಪಿ ಹಾಕಿಕೊಂಡು ಕೂತಿದ್ದಾರೆ. ಎಡಗೈ ತೊಡೆಯ ಮೇಲೆ ಬಿದ್ದುಕೊಂಡಿದೆ. ಕಾರ್ತಿಕ್ ಕುರ್ಚಿ ತೋರಿಸುತ್ತಾನೆ. ವೈಜಯಂತಿ ನಿಂತೇ ಇರುತ್ತಾಳೆ. ಗುಲಾಟಿ ಕೆಮ್ಮುತ್ತಾನೆ.

"ಸರ್, 'ಹಟೋ' ಅಂದೆ. ಅದಕ್ಕೆ ಸಾರಿ," ಎನ್ನುತ್ತಾಳೆ ವೈಜಯಂತಿ. "ತಳ್ಳಿದೆ. ಅದಕ್ಕೂ ಸಾರಿ. ಕಾಲು ಮುಂದೆ ಮಾಡಿದ್ದಕ್ಕೆ ಇಲ್ಲ."

"ನಾನು ಕೇಳ್ತಿರೋದು ಅದೊಂದಕ್ಕೇ," ಎನ್ನುತ್ತಾನೆ ಕಾರ್ತಿಕ್. ದನಿ ಏರಿಸುವುದಿಲ್ಲ. "ಅವತ್ತು ನನ್ನ ಕೈಲಿ ಏನೂ ಆಗ್ತಿರಲಿಲ್ಲ. ಅಮ್ಮ ಕೇಳಿದ್ದು ಅದೊಂದು. ಅದನ್ನೂ ನಡೆಸಿಕೊಡೋಕೆ ಆಗಲಿಲ್ಲ. ಆಮೇಲೆ ಅಪ್ಪ ಆಸ್ಪತ್ರೇಲಿದ್ದಷ್ಟು ದಿನ ಅಮ್ಮ ಅದನ್ನೇ ಹೇಳ್ಕೊಂಡು ಅತ್ತರು. ಅದು ನಿಮಗೆ ಗೊತ್ತಾ?"

ವೈಜಯಂತಿಗೆ ಗೊತ್ತಿರಲಿಲ್ಲ. ಅವಳು ಇಂದಿರಮ್ಮನ ಕಡೆ ನೋಡುತ್ತಾಳೆ. ಅವರು ಸೆರಗಿನ ಅಂಚನ್ನು ನೋಡುತ್ತಿದ್ದಾರೆ.

"ಗೊತ್ತಿರಲಿಲ್ಲ ಸರ್. ಆದ್ರೂ ನಾಳೆ ಇನ್ನೊಂದು ಮನೇಲಿ ಹಾಗೇ ಒಯ್ಯೋಳು ನಾನು. ಇಲ್ಲಿ ಸಾರಿ ಅಂದು, ಕೆಳಗಿಳಿದು ಮತ್ತೆ ಅದನ್ನೇ ಮಾಡಿದ್ರೆ ನಿಮಗೆ ಸುಳ್ಳು ಹೇಳಿದಂಗೆ."

ಕಿಟಕಿಯ ಕಡೆಯಿಂದ ಮಾತು ಬರುತ್ತದೆ, ನಿಧಾನವಾಗಿ, ನಾಲಗೆ ಎಳೆಯುತ್ತ. "ನನಗೆ... ಈ ಹುಡುಗಿ ಗದ್ದ ಕಾಣ್ತಿತ್ತು," ಎನ್ನುತ್ತಾರೆ ಅನಂತರಾಮ. "ಇಳಿಯೋವರೆಗೂ... ಏನೋ ಬೈತಿದ್ಲು."

"ಬೈತಿರಲಿಲ್ಲ ಸರ್. ಮೆಟ್ಟಿಲು ಎಣಿಸ್ತಿದ್ದೆ."

"ನೀನು ಬೈತಿದ್ದೆ... ಕೂಲರ್‌ನ."

ಇಂದಿರಮ್ಮನಿಗೆ ನಗು ಬಂದುಬಿಡುತ್ತದೆ. ತಡೆದುಕೊಂಡು, ಒಳಗೆ ಹೋಗಿ, ಸ್ಟೀಲ್ ಲೋಟದಲ್ಲಿ ಕಾಫಿ ತರುತ್ತಾರೆ. "ನೀನು ಮಾಡಿದ್ದು ತಪ್ಪೇ ಕಣಮ್ಮ," ಎನ್ನುತ್ತಾರೆ. "ನಾನು ಸಾಯೋವರೆಗೂ ಅದನ್ನೇ ಹೇಳ್ತೀನಿ. ಕುಡಿ, ಆರಿಹೋಗುತ್ತೆ."

ವೈಜಯಂತಿ ನಿಂತುಕೊಂಡೇ ಕುಡಿಯುತ್ತಾಳೆ. ಕಾರ್ತಿಕ್ ಡಬ್ಬಿ ಮುಟ್ಟುವುದಿಲ್ಲ, ಮಾತು ಹಿಂತೆಗೆದುಕೊಳ್ಳುವುದೂ ಇಲ್ಲ. "ಸಂಘದ ಮುಂದೆ ದೂರು ಹಾಗೇ ಇರುತ್ತೆ," ಎಂದು ಗುಲಾಟಿಗೆ ಹಿಂದಿಯಲ್ಲಿ ಹೇಳುತ್ತಾನೆ.

ಮೆಟ್ಟಿಲಿಳಿಯುವಾಗ ಗುಲಾಟಿ ತಲೆ ಚಚ್ಚಿಕೊಳ್ಳುತ್ತಾನೆ. "ಒಂದು ಶಬ್ದ! ಒಂದೇ ಒಂದು ಶಬ್ದಕ್ಕೆ ಗಾಡಿ ಬಿಟ್ಟುಕೊಟ್ಟೆಯಲ್ಲ! ನಾಳೆಯಿಂದ ಮಾನೇಸರ್. ನನ್ನನ್ನ ಬೈಬೇಡ."

"ನಿಮ್ಮನ್ನ ಯಾಕೆ ಬೈಲಿ? ಅಲ್ಲಿ ಫೋನ್ ಎತ್ತೋದು ನಾನೇ ತಾನೇ? ಹೊಸ್ತಿಲಲ್ಲಿ ನಿಂತು ಜಗಳ ಮಾಡೋರಿಗೆ ಇನ್ನು ಮುಂದೆ ಫೋನಲ್ಲೇ ಹೇಳ್ತೀನಿ, ಕಾಲೇ ಮುಂದೆ ಅಂತ, ಗಾಡಿ ಬರೋಕೆ ಮುಂಚೆನೇ. ಒಂದು ಗಾಡಿ ಕರೆದೋರಿಗಲ್ಲ, ಎಲ್ಲಾ ಗಾಡಿ ಕರೆದೋರಿಗೂ. ದೂರು ಕೊಡೋರು ಕೊಡ್ಲಿ."

ಕೆಳಗೆ ಧರಮ್‌ಬೀರ್ ಅವಳ ಮುಖ ನೋಡುತ್ತಾನೆ. ಡಬ್ಬಿಯ ಬಗ್ಗೆ ಮಾತ್ರ ಕೇಳುತ್ತಾನೆ. ಮೇಲೆಯೇ ಬಿಟ್ಟು ಬಂದರು ಎಂದು ತಿಳಿದು ನಿಜವಾಗಿಯೂ ಬೇಸರಪಡುತ್ತಾನೆ. ಅವಳ ಪಾಳಿ ಸಂಜೆಯವರೆಗಿದೆ. ಅವಳು ಸ್ಟ್ರೆಚರಿನ ಬೆಲ್ಟುಗಳನ್ನು ಒರೆಸಿ, ಬಿಗಿದು, ಜಾಗಕ್ಕೆ ಸೇರಿಸುತ್ತಾಳೆ.

ಹೋದ ತಿಂಗಳ ಆ ಕರೆಯ ಲೆಕ್ಕದಲ್ಲಿ ಅನಂತರಾಮರ ಪಾಲಿಗೆ ಒಂದು ಎಡಗೈ ಹೋಯಿತು, ವೈಜಯಂತಿಯ ಪಾಲಿಗೆ ಒಂದು ಗಾಡಿ. ಒಟ್ಟು ಹೋದದ್ದು ಅಷ್ಟೇ.