ಮಸಣ ಗುಡಿಸಿದ ದಿನ

ನಮ್ಮದು ಶಿರಾ ಮತ್ತು ಮಧುಗಿರಿಯ ನಡುವಿನ ಪುಟ್ಟ ಪಂಚಾಯಿತಿ. ಮಂಡಲ ಪಂಚಾಯಿತಿಯ ಕಾಲದಲ್ಲಿ ನಮ್ಮನ್ನು ದೊಡ್ಡ ಊರಿನ ಬಾಲಕ್ಕೆ ಕಟ್ಟಿದ್ದರು. ಆಮೇಲೆ ಬೇರೆ ಮಾಡಿದರು. ಬೇರೆ ಮಾಡಿದವರು ಕಟ್ಟಡ ಕೊಡಲಿಲ್ಲ. ಎಷ್ಟೋ ವರ್ಷ ಶಾಲೆಯ ಹಳೇ ಕೋಣೆಯೊಂದರಲ್ಲಿ ಅಧ್ಯಕ್ಷರ ಕುರ್ಚಿ, ಬೀರು, ನಲ್ಲಿ ಪೈಪು, ಬ್ಲೀಚಿಂಗ್ ಪೌಡರ್ ಚೀಲ ಎಲ್ಲ ಒಟ್ಟಿಗೇ ಸಂಸಾರ ಮಾಡುತ್ತಿದ್ದವು. ಅಲ್ಲಿ ನಾನು ಬಿಲ್ ಕಲೆಕ್ಟರ್. ನಮ್ಮ ಕೇರಿಯಿಂದ ಪಂಚಾಯಿತಿ ಕೆಲಸಕ್ಕೆ ಸೇರಿದ ಮೊದಲನೆಯವನೆಂಬ ಜಂಬವೂ ಸಾಕಷ್ಟಿತ್ತು.

ಕೇರಿಯವರು ತಲೆಮಾರುಗಳಿಂದ ಸತ್ತವರನ್ನು ಹಳ್ಳದ ಪಕ್ಕದ ಸರ್ಕಾರಿ ಜಾಗದಲ್ಲಿ ಮಣ್ಣು ಮಾಡುತ್ತಿದ್ದರು. ಹೆಸರು ಬರೆಸುವ ರೂಢಿಯಿಲ್ಲ. ಒಂದು ಗುಡ್ಡೆ, ತಲೆಯ ಕಡೆಗೊಂದು ಕಲ್ಲು. ಯಾರ ಕಲ್ಲು ಯಾವುದೆಂದು ಮನೆಯವರಿಗೆ ಗೊತ್ತು, ಅಷ್ಟೇ. ಪಹಣಿಯಲ್ಲಿ ಮಾತ್ರ ಅದು ಸ್ಮಶಾನವಲ್ಲ. ಹಾಗೆಂದು ಬರೆಸಿಕೊಡಿ ಎಂದು ಪ್ರತಿ ಗ್ರಾಮಸಭೆಯಲ್ಲೂ ಎದ್ದು ನಿಲ್ಲುತ್ತಿದ್ದವಳು ನನ್ನ ದೊಡ್ಡವ್ವ. ದೊಡ್ಡಪ್ಪ ಅಲ್ಲಿದ್ದ.

"ನನ್ನೂ ಅವನ ಮಗ್ಗುಲಾಗೇ ಹಾಕ್ಬೇಕು ಕಣ್ಲಾ. ಅಷ್ಟು ಮಾಡ್ಕೊಡು, ನಿನ್ ಪಂಚಾಯ್ತಿಯಿಂದ ಇನ್ನೇನೂ ಬ್ಯಾಡ," ಅನ್ನುತ್ತಿದ್ದಳು.

ಕೊನೆಗೂ ತಾಲ್ಲೂಕು ಕಚೇರಿಯವರು ಜಾಗ ನೋಡಲು ಬರುತ್ತೇವೆಂದರು. ಹಿಂದಿನ ದಿನ ನಾನು ಕೇರಿಗೆ ಹೋಗಿ, ದೊಡ್ಡ ಮನುಷ್ಯನ ಹಾಗೆ ನಿಂತು, "ನಾಳೆ ಸಾಹೇಬ್ರು ಬರ್ತಾವ್ರೆ, ಜಾಗ ವಸಿ ಚೊಕ್ಕಟ ಮಾಡ್ರಿ" ಎಂದೆ. ಜಾಲಿ ಕಡಿದು ದಾರಿ ಬಿಡಿಸಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಆದರೆ ಯಾವ ಅಧಿಕಾರಿ ಬಂದರೂ ಗುಡಿಸಿ ಸಾರಿಸಿ ಕೈಕಟ್ಟಿ ನಿಲ್ಲುವುದನ್ನು ಕಲಿತ ಜನ ನಾವು. ನಮ್ಮನ್ನು ಯಾರೂ ಗಲೀಜು ಅನ್ನಬಾರದಲ್ಲ!

ಬೆಳಿಗ್ಗೆ ಹೋಗಿ ನೋಡಿದರೆ ಜಾಲಿಯೂ ಇಲ್ಲ, ಗುಡ್ಡೆಯೂ ಇಲ್ಲ. ಸಲಿಕೆ ಹಿಡಿದು ನೆಲ ಸಮ ಮಾಡಿದ್ದರು. ಕಲ್ಲುಗಳನ್ನು ಕಿತ್ತು ಹಳ್ಳದ ದಡಕ್ಕೆ ಒಟ್ಟಿ, ನೀರು ಚಿಮುಕಿಸಿದ್ದರು. ದೊಡ್ಡವ್ವ ಪೊರಕೆ ಹಿಡಿದೇ ಎದುರು ಬಂದಳು.

"ಹೆಂಗೈತೆ? ನಿನ್ ದೊಡ್ಡಪ್ಪನ ಕಲ್ಲು ನಾನೇ ತೆಗ್ದೆ. ಸಾಹೇಬ್ರು ಹೋದ್ಮ್ಯಾಲೆ ಮತ್ತೆ ಮಡಗಾನ."

ಕಲ್ಲುಗಳನ್ನಾದರೂ ಮತ್ತೆ ನಿಲ್ಲಿಸೋಣವೆಂದು ನಾನು ಹಳ್ಳದ ದಡಕ್ಕೆ ಓಡಿದೆ. ಅಷ್ಟರಲ್ಲಿ ಜೀಪು ಬಂತು.

"ಹೆಣ ಹೂತ ಗುರುತೇ ಇಲ್ವಲ್ರೀ?" ಎಂದರು ಸಾಹೇಬರು. ನಾನು ಅಂಗಲಾಚಿದೆ, ಜನ ಕೂಗಾಡಿದರು. ಅವರು ಕಣ್ಣಿಗೆ ಕಂಡದ್ದನ್ನು ಬರೆದುಕೊಂಡು ಹೋದರು: ಖಾಲಿ ಜಾಗ. ಖಾಲಿ ಜಾಗವೊಂದಿದೆ ಎಂದು ಗೊತ್ತಾದ ಮೇಲೆ ಕೇಳಬೇಕೆ, ಪಂಚಾಯಿತಿ ಕಟ್ಟಡಕ್ಕೆ ಅದನ್ನೇ ಮಂಜೂರು ಮಾಡಿದರು. ಬರೆದ ಅರ್ಜಿಗಳೆಲ್ಲ ನೀರಿನಲ್ಲಿ ಹೋಮವಾದವು. ಆ ಒಂದು ಮಾತು ಆಡಿದ್ದಕ್ಕೆ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕಟ್ಟಡ ಎದ್ದ ಮೇಲೆ ದೊಡ್ಡವ್ವ ಕಚೇರಿಗೆ ಬಂದಳು. "ಅವ್ನೆಲ್ಲವ್ನೆ ತೋರ್ಸು. ನನಗೆ ಗುರ್ತೇ ಸಿಗ್ತಾ ಇಲ್ಲ."

ನಾನು ಅವಳ ಕೈ ಹಿಡಿದು, ಕಾಂಪೌಂಡಿನ ಹೊರಗೆ ಹಳ್ಳದ ಕಡೆ ಉಳಿದಿದ್ದ ಚೂರು ನೆಲಕ್ಕೆ ಕರೆದೊಯ್ದೆ. "ಇಲ್ಲೇ" ಎಂದೆ. ಅವಳು ಕೂತು ನೆಲ ಸವರಿದಳು.

"ಸದ್ಯ, ಗ್ವಾಡೆಯಿಂದ ಈಚೆಗೇ ಉಳ್ಕಂಡವ್ನೆ ಕಣಪ್ಪ," ಎಂದು ನನ್ನ ಕೆನ್ನೆ ನೇವರಿಸಿದಳು.

ಕಳೆದ ವರ್ಷ ಅವಳನ್ನು ಅಲ್ಲೇ ಮಣ್ಣು ಮಾಡಿದೆವು. ಹಿಂದೆ ಪಂಚಾಯಿತಿ ಕಟ್ಟಡದ ಸಭಾಂಗಣಕ್ಕೆ ಪಾಯ ತೋಡುವಾಗ ದೊಡ್ಡಪ್ಪನ ತಾಮ್ರದ ಕಡಗ ಮೂಳೆಗಳ ಜೊತೆ ನನ್ನ ಕಣ್ಣೆದುರೇ ಮೇಲೆ ಬಂದಿತ್ತು. ಅಂದಿನಿಂದ ಬಚ್ಚಿಟ್ಟುಕೊಂಡಿದ್ದ ಆ ಕಡಗವನ್ನು ಯಾರಿಗೂ ಕಾಣದ ಹಾಗೆ ಅವಳ ಮಗ್ಗುಲಿಗಿಟ್ಟು ಮಣ್ಣೆಳೆದೆ.