ಬಂದ್ವಿ ಸಾರ್, ಸಿಗ್ನಲ್

ಮೊಬೈಲೆಲ್ಲ ಜಾಲಾಡಿ, ಇದ್ದುದರಲ್ಲೇ ಅಗ್ಗ ಅಂತ ಹುಬ್ಬಳ್ಳಿಗೆ ಆ ಬಸ್ಸಿನಲ್ಲಿ ಸೀಟು ಹಿಡಿದಿದ್ದೆ. ತಪ್ಪಿದರೆ ದುಡ್ಡೂ ವಾಪಸ್ಸಿಲ್ಲ, ಅಕ್ಕನ ಮಗಳ ನಿಶ್ಚಿತಾರ್ಥವೂ ಇಲ್ಲ. ಬೆಂಗಳೂರಿನ ಬನಶಂಕರಿಯಲ್ಲಿ ಬ್ಯಾಗಿನ ಮೇಲೆ ಕೂತು ಕಾದು ಕಾದು ಸೊಂಟ ಬಿದ್ದುಹೋಯ್ತು. ಫೋನ್ ಮಾಡಿದಾಗಲೆಲ್ಲ ಬಸ್ಸಿನವನದು ಒಂದೇ ಮಾತು: "ಬಂದ್ವಿ ಸಾರ್, ಸಾರಕ್ಕಿ ಸಿಗ್ನಲ್."

ಅದೇ ಬಸ್ಸಿಗೆ ಕಾಯುತ್ತಿದ್ದ ಆಂಟಿಯೊಬ್ಬರಿಗೆ ನನ್ನನ್ನು ನೋಡಿ ಅಯ್ಯೋ ಅನಿಸಿರಬೇಕು.

"ಈ ಬಸ್ಸಿಗೆ ಹೊಸಬರಾ? 'ಬಂದ್ವಿ' ಅಂದ್ರೆ ಇನ್ನೂ ಹೊರಟೇ ಇಲ್ಲ ಅಂತ. 'ಬರ್ತಾ ಇದೀವಿ' ಅಂದ್ರೆ ಈಗ ಹೊರಟ್ರು ಅಂತ. 'ಎಲ್ಲಿದೀರಾ' ಅಂತ ಅವರೇ ನಮ್ಮನ್ನ ಬೈದ್ರೆ ಮಾತ್ರ ಬಸ್ ಬಂದಿದೆ ಅಂತ."

ಹಾಗಾದರೆ ಇನ್ನೂ ಹೊತ್ತಿದೆ ಅಂದುಕೊಂಡು, ಬ್ಯಾಗು ಅವರ ಹತ್ತಿರ ಬಿಟ್ಟು, ರಸ್ತೆ ದಾಟಿ ಕಾಫಿಗೆ ಹೋದೆ. ಟೋಕನ್ ಕ್ಯೂನಲ್ಲಿ ನಿಂತಿದ್ದಾಗಲೇ ಫೋನ್ ಬಂತು.

"ಎಲ್ಲಿದೀರಾ ಸಾರ್? ನಿಮ್ಮೊಬ್ಬರಿಗೋಸ್ಕರ ಬಸ್ ನಿಲ್ಸಿದೀವಿ! ಆಂಟಿ ನಿಮ್ ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲೇ ನಿಂತವ್ರೆ!"

ನನ್ನ ಮುಂದೆ ಇನ್ನೂ ನಾಲ್ಕು ಜನ ಇದ್ದರು. ಅಷ್ಟು ಹೊತ್ತು ಕಾದವನಿಗೆ ಆ ಕಾಫಿ ಬಿಡೋಕೆ ಮನಸ್ಸೇ ಬರಲಿಲ್ಲ.

"ಬಂದೆ ಗುರು," ಅಂದೆ. "ಸಿಗ್ನಲ್‌ನಲ್ಲಿದೀನಿ."